ಎರಡೂವರೆ ಗಿಲ್ಡರ್‌ಗೆ ಊರಿನ ಹಿತ್ತಲು

ದಿನಾ ಬೆಳಿಗ್ಗೆ ನಾನು ಹೇಗ್ ಸೆಂಟ್ರಲ್ ಸ್ಟೇಷನ್ನಿನಲ್ಲಿ ಟ್ರೈನ್ ಇಳಿದು ಆಫೀಸಿಗೆ ನಡೆಯುತ್ತೇನೆ. ಗಾಜಿನ ಎತ್ತರದ ಚಾವಣಿ, ಕಾಫಿಯ ವಾಸನೆ, ಓಡುವ ಜನ. ನೆದರ್‌ಲೆಂಡ್ಸ್‌ಗೆ ಬಂದು ಆರು ವರ್ಷವಾಯಿತು. ಮೊದಲ ನಾಲ್ಕು ವರ್ಷ ಈ ಸ್ಟೇಷನ್ನಿನ ಹಿಂಭಾಗದಲ್ಲಿ ಏನಿದೆ ಎಂದು ನಾನು ತಿರುಗಿಯೂ ನೋಡಿರಲಿಲ್ಲ. ಹಳಿಗಳು, ಆಫೀಸು ಕಟ್ಟಡಗಳ ಬೆನ್ನು, ಸೈಕಲ್ ನಿಲ್ಲಿಸುವ ಜಾಗ. ನೋಡುವುದಕ್ಕೆ ಏನಿದೆ ಅಲ್ಲಿ?

ಆಮೇಲೆ ಒಂದು ರಾತ್ರಿ ಸುಮ್ನೆ ಚಿತ್ರಗಳನ್ನು ನೋಡುತ್ತಾ ಕೂತಿದ್ದಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಪೆನ್ಸಿಲ್ ಮತ್ತು ಶಾಯಿಯಲ್ಲಿ ಬಿಡಿಸಿದ್ದು. ಮೇಲಿನ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ ಹಾಗಿದೆ. ಬಟ್ಟೆ ಒಗೆಯುವವರ ಅಂಗಳ, ಹಗ್ಗದ ಮೇಲೆ ಒಣಗುತ್ತಿರುವ ಬಟ್ಟೆ. ಪಕ್ಕದಲ್ಲಿ ಬಡಗಿಯ ಅಂಗಳ. ಹಲಗೆಗಳು, ಶೆಡ್ಡು, ಬೇಲಿ, ಬೇಲಿಯಾಚೆ ಇನ್ನೊಂದು ಬೇಲಿ. ಅದರಾಚೆ ಆಕಾಶದವರೆಗೂ ಚಪ್ಪಟೆ ನೆಲ. 1882ರ ಮೇ ತಿಂಗಳಿನದು. ಬಿಡಿಸಿದವನು ವಿನ್ಸೆಂಟ್ ವ್ಯಾನ್ ಗೋ. ಜಾಗ, ಹೇಗ್ ನಗರದ ಸ್ಖೆಂಕ್‌ವೇಖ್ ರಸ್ತೆಯಲ್ಲಿ ಅವನು ಬಾಡಿಗೆಗಿದ್ದ ಮನೆಯ ಹಿಂಬದಿ.

ಆ ರಸ್ತೆ ಆಗ ರೈನ್‌ಸ್ಪೋರ್ ಎಂಬ ಸ್ಟೇಷನ್ನಿನ ಹತ್ತಿರ ಇತ್ತು. ಆ ಸ್ಟೇಷನ್ ಶುರುವಾಗಿದ್ದು 1870ರಲ್ಲಿ. ಸುಮಾರು ನೂರು ವರ್ಷದ ನಂತರ ಅದನ್ನು ಕೆಡವಿದರು. ಅದರ ಬದಲಿಗೆ ಕಟ್ಟಿದ್ದೇ ನಾನು ದಿನಾ ಇಳಿಯುವ ಈ ಸೆಂಟ್ರಲ್ ಸ್ಟೇಷನ್. ಅಂದರೆ ನಾನು ನಾಲ್ಕು ವರ್ಷ ನೋಡದೇ ಬಿಟ್ಟಿದ್ದ ಆ ಕಡೆಯನ್ನು ಅವನು ದಿನಾ ಕೂತು ನೋಡಿದ್ದ.

ಅವತ್ತಿನಿಂದ ಈ ಚಿತ್ರದ ಕತೆಯನ್ನು ಹುಡುಕುತ್ತಾ ಹೋದೆ. ಇದು ಒಂಟಿ ಚಿತ್ರವಲ್ಲ. ಒಬ್ಬ ಚಿಕ್ಕಪ್ಪ ತನ್ನ ಅಣ್ಣನ ಮಗನಿಗೆ ಕೊಟ್ಟ ಆರ್ಡರ್‌ನಿಂದ ಹುಟ್ಟಿದ ಚಿತ್ರಗಳಲ್ಲಿ ಒಂದು. ಯಾರು ಕೇಳಿದರು, ಎಷ್ಟಕ್ಕೆ ಕೇಳಿದರು, ಕೊನೆಗೆ ಎಷ್ಟು ಕೊಟ್ಟರು, ಏನೆಂದು ಬೈದರು, ಎಲ್ಲವೂ ಪತ್ರಗಳಲ್ಲಿ ಉಳಿದಿದೆ.

ಆ ಕಾಲದಲ್ಲಿ ಊರಿನ ಚಿತ್ರ ಅಂದರೆ ಜನ ಏನು ಬಯಸುತ್ತಿದ್ದರು ಎಂಬುದನ್ನು ಮೊದಲು ಹೇಳಬೇಕು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ಕಾರ್ನೆಲಿಸ್ ಸ್ಪ್ರಿಂಗರ್ ಎಂಬುವರ ಒಂದು ವರ್ಣಚಿತ್ರವಿದೆ. ಎಂಕ್‌ಹೌಜನ್ ಊರಿನ ಜೌಡರ್‌ಹಾವನ್‌ಡೈಕ್ ಬೀದಿ, 1868. ಸ್ಪ್ರಿಂಗರ್ ಹುಟ್ಟಿದ್ದು 1817ರಲ್ಲಿ, ತೀರಿಕೊಂಡಿದ್ದು 1891ರಲ್ಲಿ. ಊರಿನ ಚಿತ್ರಗಳಲ್ಲಿ ಆ ಶತಮಾನದ ದೊಡ್ಡ ಹೆಸರು. ಅವರ ಇಟ್ಟಿಗೆ ಗೋಡೆಗಳ ಮೇಲೆ ಬೀಳುವ ಬಿಸಿಲು ನೋಡಿದರೆ ಕೈಯಿಟ್ಟು ಮುಟ್ಟಿ ನೋಡೋಣ ಅನಿಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಮನೆಗಳ ನೆತ್ತಿ, ಹಳೇ ಟೌನ್ ಹಾಲ್, ಮರದ ನೆರಳು, ಅಚ್ಚುಕಟ್ಟಾದ ಜನ. ಸ್ಪ್ರಿಂಗರ್ ಮಾರುವಾಗ ಎಷ್ಟೋ ಚಿತ್ರಗಳ ಹಿಂದೆ ‘ಇದು ನಾನೇ ಬಿಡಿಸಿದ್ದು’ ಎಂದು ಕೈಬರಹದ ಚೀಟಿ ಅಂಟಿಸಿ ಅರಗಿನ ಮುದ್ರೆ ಒತ್ತುತ್ತಿದ್ದರು. ನನಗೆ ಅವರ ಚಿತ್ರಗಳು ತುಂಬಾ ಇಷ್ಟ. ಊರನ್ನು ಅಷ್ಟು ಪ್ರೀತಿಯಿಂದ, ಅಷ್ಟು ತಾಳ್ಮೆಯಿಂದ ನೋಡಿದವರು ಕಡಿಮೆ. ಆದರೆ ಅದು ಊರಿನ ಮುಂಬಾಗಿಲು.

ಡಚ್ ಮನೆಗಳನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ. ಬೀದಿ ಕಡೆಗೆ ದೊಡ್ಡ ಗಾಜಿನ ಕಿಟಕಿ. ಎಷ್ಟೋ ಮನೆಗಳಲ್ಲಿ ಪರದೆ ಎಳೆಯುವುದೇ ಇಲ್ಲ. ಒಳಗೆ ಹೂಕುಂಡ, ದೀಪ, ಎಲ್ಲ ಜೋಡಿಸಿಟ್ಟ ಹಾಗೆ. ಬದುಕೆಲ್ಲ ನಡೆಯುವುದು ಹಿಂದೆ. ಒದ್ದೆ ಬಟ್ಟೆ, ಮುರಿದ ಕುರ್ಚಿ, ಮಕ್ಕಳ ಸೈಕಲ್, ಕಸದ ಡಬ್ಬ. ನಮ್ಮ ಕಡೆ ಹಿತ್ತಲು ಅಂತೀವಲ್ಲ, ಅದೇ. ಊರಿಗೂ ಒಂದು ಹಿತ್ತಲು ಇರುತ್ತದೆ. ವಿನ್ಸೆಂಟ್ ಹೋಗಿ ನಿಂತಿದ್ದು ಅಲ್ಲಿ.

ಅವನಿಗೆ ಹೇಗ್ ಹೊಸ ಊರೇನಲ್ಲ. 1869ರಲ್ಲಿ, ಹದಿನಾರು ವರ್ಷದ ಹುಡುಗನಾಗಿದ್ದಾಗ, ಇದೇ ಊರಿನ ಗೂಪಿಲ್ ಎಂಬ ಚಿತ್ರ ಮಾರಾಟದ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ್ದ. ಒಳ್ಳೆಯ ಕೋಟು, ಒಳ್ಳೆಯ ಗಿರಾಕಿಗಳು, ಊರಿನ ಮುಖ್ಯ ಜಾಗದಲ್ಲಿ ಅಂಗಡಿ. ಎರಡನೇ ಸಲ ಬಂದಿದ್ದು 1881ರ ಕೊನೆಯಲ್ಲಿ. ಕ್ರಿಸ್‌ಮಸ್ ದಿನ ಎಟ್ಟನ್‌ನ ಮನೆಯಲ್ಲಿ ಅಪ್ಪನ ಜೊತೆ ಜೋರು ಜಗಳವಾಗಿ ಹೊರಟು ಬಂದಿದ್ದ. ಅಷ್ಟರಲ್ಲಿ ಎಷ್ಟೋ ಕೆಲಸ ಹಿಡಿದು ಬಿಟ್ಟಾಗಿತ್ತು. ಚಿತ್ರಗಾರನೇ ಆಗಬೇಕೆಂದು ತೀರ್ಮಾನ ಮಾಡಿ ಎರಡು ವರ್ಷವೂ ಆಗಿರಲಿಲ್ಲ.

ಸ್ಖೆಂಕ್‌ವೇಖ್ 138ನೇ ನಂಬರಿನ ಮನೆಯಲ್ಲಿ ಒಂದು ಕೋಣೆ, ಮಲಗಲು ಒಂದು ಸಣ್ಣ ಮೂಲೆ. ಬಾಡಿಗೆ ತಿಂಗಳಿಗೆ 7 ಗಿಲ್ಡರ್, ಅಂದರೆ ಆಗಿನ ಡಚ್ ಹಣ. ಊರು ಮುಗಿದು ಹೊಲ ಶುರುವಾಗುವ ಜಾಗ ಅದು. ಮನೆ ಹೂಡಲು ಆಂಟನ್ ಮೋವ್ ಹಣ ಕೊಟ್ಟರು. ಮೋವ್ ಆಗ ಹೆಸರಾಂತ ಚಿತ್ರಗಾರರು. ಅವರ ಹೆಂಡತಿ ವಿನ್ಸೆಂಟ್‌ನ ತಾಯಿ ಕಡೆಯ ನೆಂಟರು. ಅವನಿಗೆ ಜಲವರ್ಣ ಹೇಳಿಕೊಟ್ಟಿದ್ದೂ ಅವರೇ. ಉಳಿದ ಖರ್ಚಿಗೆ ತಮ್ಮ ಥಿಯೋ ಪ್ಯಾರಿಸ್ಸಿನಿಂದ ಹಣ ಕಳಿಸುತ್ತಿದ್ದ.

ಊರಲ್ಲಿ ಅವನನ್ನು ಯಾರೂ ಮೆಚ್ಚಲಿಲ್ಲ ಎಂದೇನಲ್ಲ. ಫೆಬ್ರವರಿಯಲ್ಲಿ ಯೊಹಾನ್ ಹೆಂಡ್ರಿಕ್ ವೈಸನ್‌ಬ್ರುಕ್ ಎಂಬ ಹಿರಿಯ ಚಿತ್ರಗಾರರು ಅವನ ಕೋಣೆಗೆ ಬಂದು ಹೋದರು. ಮುಖ ನೋಡದೆ ಮಾತಾಡುವವರು ಎಂದು ಅವರಿಗೆ ಹೆಸರಿತ್ತು. ಅವರು ಚಿತ್ರಗಳನ್ನು ನೋಡಿ, ನೀನು ಭಾರಿ ಚೆನ್ನಾಗಿ ಬಿಡಿಸುತ್ತೀಯ, ನಿನ್ನ ಅಭ್ಯಾಸದ ಹಾಳೆಗಳನ್ನು ಇಟ್ಟುಕೊಂಡು ನಾನೇ ಕೆಲಸ ಮಾಡಬಹುದು ಎಂಬ ಅರ್ಥದ ಮಾತು ಹೇಳಿದರು. ವಿನ್ಸೆಂಟ್ ಅದನ್ನು ತಮ್ಮನಿಗೆ ಬರೆದು ತಿಳಿಸಿದ್ದಾನೆ. ಆದರೆ ಹೊಗಳಿಕೆಯಿಂದ ಬಾಡಿಗೆ ಕಟ್ಟಲು ಆಗುವುದಿಲ್ಲ.

ಮಾರ್ಚ್ ತಿಂಗಳ ಮೊದಲ ಭಾಗದಲ್ಲಿ ಕೋರ್ ಚಿಕ್ಕಪ್ಪ ಬಂದರು. ಪೂರ್ತಿ ಹೆಸರು ಕಾರ್ನೆಲಿಸ್ ಮರೀನಸ್ ವ್ಯಾನ್ ಗೋ. ಆಮ್‌ಸ್ಟರ್‌ಡ್ಯಾಮಿನಲ್ಲಿ ಚಿತ್ರ ಮತ್ತು ಪುಸ್ತಕದ ವ್ಯಾಪಾರಿ. ವಿನ್ಸೆಂಟ್‌ನ ಅಪ್ಪನಿಗಿಂತ ಎರಡು ವರ್ಷ ಚಿಕ್ಕವರು. ಮನೆಯವರೆಲ್ಲ ಅವರ ಹೆಸರಿನ ಮೊದಲ ಅಕ್ಷರ ಹಿಡಿದು ಸಿ. ಎಂ. ಎನ್ನುತ್ತಿದ್ದರು. ಆ ಭೇಟಿಯನ್ನು ವಿನ್ಸೆಂಟ್ ಥಿಯೋಗೆ ಬರೆದಿರುವ ರೀತಿ ನೋಡಿ, ಪಕ್ಕದ ಕೋಣೆಯಲ್ಲಿ ಕೂತು ಕೇಳಿದ ಹಾಗಿದೆ.

ಚಿಕ್ಕಪ್ಪ ಮೊದಲು ಎತ್ತಿದ್ದು ಅನ್ನದ ಮಾತು. ನೀನಿನ್ನು ನಿನ್ನ ಅನ್ನ ನೀನು ದುಡಿಯಬೇಕು ಎಂದು. ನಾವೆಲ್ಲ ಒಂದಲ್ಲ ಒಂದು ಚಿಕ್ಕಪ್ಪನಿಂದಲೋ ದೊಡ್ಡಪ್ಪನಿಂದಲೋ ಕೇಳಿರುವ ಮಾತೇ ಅಲ್ವಾ ಅದು. ವಿನ್ಸೆಂಟ್ ಸುಮ್ಮನಿರಲಿಲ್ಲ. ಅನ್ನ ದುಡಿಯುವುದು ಬೇರೆ, ಅನ್ನಕ್ಕೆ ಯೋಗ್ಯನಾಗಿರುವುದು ಬೇರೆ ಎಂದ. ಅನ್ನಕ್ಕೆ ಯೋಗ್ಯನಲ್ಲದೇ ಇರುವುದು ಅಪರಾಧ. ಯೋಗ್ಯನಾಗಿದ್ದೂ ದುಡಿಯಲು ಆಗದೇ ಇರುವುದು ದುರದೃಷ್ಟ, ದೊಡ್ಡ ದುರದೃಷ್ಟ. ನೀವು ನನಗೆ ಮೊದಲನೆಯದನ್ನು ಹೇಳುತ್ತಿದ್ದರೆ ಅದು ಅವಮಾನ. ಎರಡನೆಯದಾದರೆ ನಿಜ, ಕೆಲವು ಸಲ ನನ್ನ ಹತ್ತಿರ ಅನ್ನ ಇರುವುದಿಲ್ಲ, ಆದರೆ ಅದನ್ನು ಹೇಳಿ ಪ್ರಯೋಜನವೇನು?

ಈ ಭಾಗ ಓದುವಾಗ ನನಗೆ ನನ್ನ ಡಚ್ ಕ್ಲಾಸು ನೆನಪಾಯಿತು. ‘ವೆರ್ದೀನನ್’ ಎಂಬ ಒಂದೇ ಪದ ಡಚ್ಚಿನಲ್ಲಿ ಎರಡಕ್ಕೂ ನಡೆಯುತ್ತದೆ, ಸಂಪಾದಿಸುವುದಕ್ಕೂ, ಅರ್ಹನಾಗಿರುವುದಕ್ಕೂ. ಒಂದೇ ಪದದ ಒಳಗೆ ಇರುವ ಆ ಎರಡು ಅರ್ಥಗಳನ್ನು ಅವನು ಬಿಡಿಸಿ ಬೇರೆ ಮಾಡಿ ಇಡಬೇಕಾಯಿತು. ನಮ್ಮಲ್ಲಿ ಪದಗಳು ಬೇರೆ ಬೇರೆ ಇವೆ. ಆದರೂ ನಾವು ಎರಡನ್ನೂ ಒಂದೇ ಎಂದುಕೊಂಡು ಎಷ್ಟು ಜನರನ್ನು ನೋಯಿಸುತ್ತೇವೆ.

ಚಿಕ್ಕಪ್ಪ ಆ ಮಾತು ಬಿಟ್ಟರು. ಆದರೆ ಇನ್ನೊಂದು ವಿಷಯಕ್ಕೆ ಮತ್ತೆ ಮಾತು ಬಿಗಿಯಾಯಿತು. ಗಾಳಿ ಬದಲಾಗಲಿ ಎಂದು ವಿನ್ಸೆಂಟ್ ಸಣ್ಣ ಚಿತ್ರಗಳ ಕಟ್ಟನ್ನು ತೆಗೆದು ಮುಂದಿಟ್ಟ. ಚಿಕ್ಕಪ್ಪ ಏನೂ ಹೇಳದೆ ಒಂದೊಂದೇ ಹಾಳೆ ತಿರುವಿದರು. ಒಂದು ಸಣ್ಣ ಚಿತ್ರ ಬಂದಾಗ ಕೈ ನಿಂತಿತು.

ಅದು ಪಡ್ಡೆಮೂಸ್ ಎಂಬ ಕೇರಿಯ ಚಿತ್ರ. ಹೊಸ ಚರ್ಚಿನ ಹತ್ತಿರ ಯಹೂದಿಗಳು ಇದ್ದ ಜಾಗ. ಹೊಸ ಚರ್ಚು ಅಂದರೆ ಹೆಸರಿಗೆ ಮಾತ್ರ ಹೊಸದು, ಹದಿನೇಳನೇ ಶತಮಾನದ್ದು. ತತ್ವಜ್ಞಾನಿ ಸ್ಪಿನೋಜಾನ ಸಮಾಧಿ ಅಲ್ಲಿದೆ. ಒಂದು ರಾತ್ರಿ ಹನ್ನೆರಡು ಗಂಟೆಗೆ ವಿನ್ಸೆಂಟ್ ಮತ್ತು ಅವನ ಗೆಳೆಯ ಬ್ರೈಟ್ನರ್ ತಿರುಗಾಡುತ್ತಾ ಹೋಗಿ ಇದನ್ನು ಗುರುತು ಹಾಕಿಕೊಂಡಿದ್ದರು. ಮಾರನೇ ಬೆಳಿಗ್ಗೆ ವಿನ್ಸೆಂಟ್ ಅದರ ಮೇಲೆ ಶಾಯಿಯಲ್ಲಿ ಮತ್ತೆ ಕೆಲಸ ಮಾಡಿದ್ದ. ಬ್ರೈಟ್ನರ್‌ಗೆ ಆಗ ಇಪ್ಪತ್ತನಾಲ್ಕು ವರ್ಷ. ಮುಂದೆ ಆಮ್‌ಸ್ಟರ್‌ಡ್ಯಾಮಿನ ಮಳೆ, ಕೆಸರು, ಸೇತುವೆ, ಬೀದಿಯ ಹೆಣ್ಣುಮಕ್ಕಳನ್ನು ಬಿಡಿಸಿ, ಕ್ಯಾಮೆರಾದಲ್ಲಿ ಹಿಡಿದು ದೊಡ್ಡ ಹೆಸರು ಮಾಡಿದವನು ಅವನೇ. ಡಚ್ ಊರುಗಳ ಚಿತ್ರದ ದಾರಿಯನ್ನೇ ಬದಲಿಸಿದ ಇಬ್ಬರು ಒಂದೇ ರಾತ್ರಿ, ಒಂದೇ ಗಲ್ಲಿಯಲ್ಲಿ, ಕತ್ತಲಲ್ಲಿ ನಿಂತಿದ್ದರು. ಈ ವಿಷಯ ಓದಿದಾಗ ನಾನು ಎದ್ದು ಮನೆಯೊಳಗೆ ಒಂದು ಸುತ್ತು ನಡೆದು ಬಂದೆ. ಕೂತಿರಲು ಆಗಲಿಲ್ಲ.

ಇಂಥ ಊರಿನ ಚಿತ್ರ ಇನ್ನೂ ಮಾಡಬಲ್ಲೆಯಾ ಎಂದರು ಚಿಕ್ಕಪ್ಪ. ಮಾಡಬಲ್ಲೆ, ಮಾಡೆಲ್‌ಗಳನ್ನು ಬಿಡಿಸಿ ದಣಿದಾಗ ಮನಸ್ಸು ಹಗುರಾಗಲು ಇವನ್ನೇ ಬಿಡಿಸುತ್ತೇನೆ ಎಂದು ವಿನ್ಸೆಂಟ್ ಇನ್ನೂ ಕೆಲವು ತೋರಿಸಿದ. ಹಾಗಾದರೆ ನನಗೆ ಹನ್ನೆರಡು ಮಾಡಿಕೊಡು ಎಂದರು. ವಿನ್ಸೆಂಟ್ ತಕ್ಷಣ ಬೆಲೆ ಮಾತಾಡಿದ. ಇದು ವ್ಯಾಪಾರ, ಈಗಲೇ ಹೇಳಿಬಿಡೋಣ, ಈ ಅಳತೆಯ ಚಿತ್ರಕ್ಕೆ ಒಂದು ರೈಕ್ಸ್‌ದಾಲ್ಡರ್ ಎಂದ. ಅದು ಎರಡೂವರೆ ಗಿಲ್ಡರ್‌ನ ನಾಣ್ಯ. ಚಿಕ್ಕಪ್ಪ ಒಪ್ಪಿದರು. ಚೆನ್ನಾಗಿ ಬಂದರೆ ಇನ್ನೂ ಹನ್ನೆರಡು ಕೇಳುತ್ತೇನೆ, ಆಗ ಬೆಲೆ ನಾನು ಹೇಳುತ್ತೇನೆ ಎಂದೂ ಸೇರಿಸಿದರು.

ಲೆಕ್ಕ ಹಾಕಿ ನೋಡಿ. ಮೂರು ಚಿತ್ರ ಮಾರಿದರೆ ಒಂದು ತಿಂಗಳ ಬಾಡಿಗೆ. ಹನ್ನೆರಡಕ್ಕೆ 30 ಗಿಲ್ಡರ್, ಅಂದರೆ ನಾಲ್ಕು ತಿಂಗಳ ಬಾಡಿಗೆ ಕೊಟ್ಟು ಎರಡು ಗಿಲ್ಡರ್ ಉಳಿಯುತ್ತದೆ. ಥಿಯೋಗೆ ಬರೆದ ಪತ್ರದಲ್ಲಿ ಅವನ ಖುಷಿ ಉಕ್ಕುತ್ತದೆ. ಪವಾಡ ಆದ ಹಾಗಿದೆ ಎನ್ನುತ್ತಾನೆ.

ವ್ಯಾನ್ ಗೋ ಬದುಕಿದ್ದಾಗ ಮಾರಿದ್ದು ಒಂದೇ ಒಂದು ಚಿತ್ರ ಎಂಬ ಮಾತನ್ನು ನಾವೆಲ್ಲ ಕೇಳುತ್ತಾ ಬೆಳೆದಿದ್ದೇವೆ. 1890ರಲ್ಲಿ ಬ್ರಸೆಲ್ಸ್‌ನಲ್ಲಿ ಅವನ ಕೆಂಪು ದ್ರಾಕ್ಷಿ ತೋಟದ ಚಿತ್ರವನ್ನು ಆನಾ ಬೊಕ್ ಎಂಬ ಚಿತ್ರಗಾರ್ತಿ 400 ಫ್ರಾಂಕ್ ಕೊಟ್ಟು ಕೊಂಡಿದ್ದು ನಿಜ. ಆದರೆ ಅದಕ್ಕಿಂತ ಎಂಟು ವರ್ಷ ಮೊದಲೇ ಅವನು ಬೆಲೆ ಹೇಳಿ, ಒಪ್ಪಿಸಿ, ಹೊತ್ತಿಗೆ ಸರಿಯಾಗಿ ಮಾಡಿ ಕೊಟ್ಟಿದ್ದ. ನಮಗೆ ಹುಚ್ಚನ ಕತೆ ಇಷ್ಟ. ಸರಿಯಾಗಿ ಲೆಕ್ಕ ಮಾತಾಡಿ ಆರ್ಡರ್ ಹಿಡಿದ ಇಪ್ಪತ್ತೆಂಟರ ಹುಡುಗನ ಕತೆ ಯಾರೂ ಹೇಳುವುದಿಲ್ಲ. ನನಗೆ ಅವನು ಜಾಸ್ತಿ ಹತ್ತಿರದವನು ಅನಿಸುತ್ತಾನೆ.

ಮಾರ್ಚ್ ಪೂರ್ತಿ ಅವನು ಊರು ಸುತ್ತಿದ. ಹೇಗ್ ಅಂದರೆ ಅರಮನೆ, ಸಂಸತ್ತು, ಕೊಳ, ಸಾಲುಮರಗಳ ಬೀದಿ. ಅವನು ಕಳಿಸಿದ ಚಿತ್ರಗಳಲ್ಲಿ ಏನಿದೆ? ಗ್ಯಾಸ್ ಫ್ಯಾಕ್ಟರಿ ಇದೆ. ಗೇಸ್ಟ್ ಎಂಬ ಬಡವರ ಕೇರಿಯ ಒಂದು ಬೇಕರಿ ಇದೆ. ಗಿರವಿ ಅಂಗಡಿಯ ಬಾಗಿಲಿದೆ. ಅದೊಂದು ಸರಕಾರಿ ಥರದ ಸಾಲದ ಬ್ಯಾಂಕು, ಕೋಟನ್ನೋ ಹಾಸಿಗೆ ಹೊದಿಕೆಯನ್ನೋ ಒತ್ತೆಯಿಟ್ಟು ವಾರದ ಖರ್ಚಿಗೆ ಕಾಸು ಪಡೆಯುವ ಜಾಗ. ಆ ಚಿತ್ರ ಈಗ ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನಲ್ಲಿದೆ. ಬೇಕರಿಯ ಚಿತ್ರ ಹೇಗ್‌ನ ಕುನ್ಸ್ಟ್‌ಮ್ಯೂಸಿಯಂನಲ್ಲಿದೆ.

ಬೇಕರಿಯ ಚಿತ್ರ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಅವನು ಬಡತನವನ್ನು ಅಳುಮುಖ ಮಾಡಿ ತೋರಿಸಿಲ್ಲ. ಮನೆಯ ಗೋಡೆ ನೆಟ್ಟಗಿಲ್ಲ, ಆದರೆ ಅಂಗಡಿ ತೆರೆದಿದೆ. ಜನ ಬಂದು ಹೋಗುತ್ತಾರೆ. ಕೆಲಸ ನಡೆಯುತ್ತಿದೆ. ಹೀಗೆ ನೋಡಲು ಆ ಕೇರಿಯಲ್ಲಿ ನಡೆದಾಡಿದ ಕಾಲು ಬೇಕು. ಆ ವಸಂತದಲ್ಲೇ ಅವನು ಗೇಸ್ಟ್‌ನ ಒಂದು ಬೀದಿಯನ್ನು ಅಗೆದು ಹಾಕಿ ಕೆಲಸ ಮಾಡುತ್ತಿದ್ದವರನ್ನೂ ಬಿಡಿಸಿದ್ದಾನೆ. ಗುಂಡಿಯೊಳಗೆ ಇಳಿದ ಗಂಡಸರು, ಸುತ್ತ ನಿಂತು ನೋಡುವ ಹೆಂಗಸರು ಮಕ್ಕಳು. ರಸ್ತೆ ಅಗೆದರೆ ನಿಂತು ನೋಡುವುದು ಎಲ್ಲ ಊರಿನ ಜನರ ಗುಣ ಎಂದು ಕಾಣುತ್ತದೆ.

ತಿಂಗಳ ಕೊನೆಗೆ ಹನ್ನೆರಡು ಚಿತ್ರ ಹೋಯಿತು. 30 ಗಿಲ್ಡರ್ ಬಂತು. ಜೊತೆಗೆ ಹೊಸ ಆರ್ಡರ್, ಇನ್ನೂ ಆರು. ಈ ಸಲ ನಿರ್ದಿಷ್ಟವಾದ, ವಿವರ ತುಂಬಿದ ಊರಿನ ಚಿತ್ರಗಳು ಬೇಕೆಂದು ಬರೆದಿದ್ದರು. ವಿನ್ಸೆಂಟ್ ಈ ಆರಕ್ಕೂ ಮೊದಲ ಹನ್ನೆರಡರಷ್ಟೇ ಹಣ ಬರುತ್ತದೆ ಎಂದುಕೊಂಡ.

ಆದರೆ ಏಪ್ರಿಲ್, ಮೇ ತಿಂಗಳು ಸುಲಭವಾಗಿರಲಿಲ್ಲ. ಮೋವ್ ದೂರವಾದರು. ಪ್ಲಾಸ್ಟರ್ ಬೊಂಬೆಗಳನ್ನು ನೋಡಿ ಬಿಡಿಸು ಎಂದು ಅವರು ಹೇಳಿದ್ದಕ್ಕೆ ವಿನ್ಸೆಂಟ್ ಮನೆಗೆ ಬಂದು ಆ ಬೊಂಬೆಗಳನ್ನು ಕಲ್ಲಿದ್ದಲ ಡಬ್ಬಕ್ಕೆ ಎಸೆದು ಪುಡಿ ಮಾಡಿದ್ದ. ಅವನ ಮಾಡೆಲ್ ಆಗಿ ಬಂದ ಕ್ಲಾಸಿನಾ ಹೋರ್ನಿಕ್ ಎಂಬ ಹೆಂಗಸು, ಅವನು ಸೀನ್ ಎಂದು ಕರೆಯುತ್ತಿದ್ದವಳು, ಬಸುರಿ. ಜೊತೆಗೆ ಒಂದು ಸಣ್ಣ ಮಗು. ಬೀದಿಯಲ್ಲಿ ಬದುಕಿದವಳು. ಅವನು ಅವಳನ್ನು ತನ್ನವಳು ಎಂದುಕೊಂಡಿದ್ದ. ಇದು ಗೊತ್ತಾಗುತ್ತಿದ್ದಂತೆ ನೆಂಟರು, ಪರಿಚಯದವರು ಒಬ್ಬೊಬ್ಬರಾಗಿ ಸರಿದರು.

ಇಂಥ ದಿನಗಳಲ್ಲಿ ಅವನು ತನ್ನ ಕಿಟಕಿಯಿಂದ ಹೊರಗೆ ನೋಡಿ ಬಿಡಿಸಿದ್ದು ನಾನು ಮೊದಲು ಹೇಳಿದ ಆ ಚಿತ್ರ.

ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದೊಡ್ಡದು ಮಾಡಿ ನೋಡಿದರೆ ಅದರಲ್ಲಿ ಖಾಲಿ ಜಾಗವೇ ಇಲ್ಲ. ಒಂದೊಂದು ಹಲಗೆಗೂ ಒಂದೊಂದು ಗೆರೆ. ಬೇಲಿಯ ಪಟ್ಟಿಗಳನ್ನು ಎಣಿಸಬಹುದು. ಪೆನ್ಸಿಲ್ ಮೇಲೆ ಶಾಯಿ, ಶಾಯಿಯ ಮೇಲೆ ಅಲ್ಲಲ್ಲಿ ಬಿಳಿ ಬಣ್ಣ. ಒಣಗುವ ಬಟ್ಟೆ ಬೆಳ್ಳಗೆ ಕಾಣುತ್ತದೆ. ಅಂಗಳದಲ್ಲಿ ಜನ ತೀರಾ ಸಣ್ಣಗೆ, ತಮ್ಮ ತಮ್ಮ ಕೆಲಸದಲ್ಲಿ ಇದ್ದಾರೆ. ಯಾರೂ ತಲೆ ಎತ್ತಿ ನೋಡುವುದಿಲ್ಲ. ಮೇಲೆ ಒಬ್ಬ ಕೂತು ತಮ್ಮನ್ನು ಬಿಡಿಸುತ್ತಿದ್ದಾನೆ ಎಂದು ಅವರಿಗೆ ಗೊತ್ತಿಲ್ಲ.

ಅಂಗಳ, ಬೇಲಿ, ಚಾವಣಿ, ಇವೆಲ್ಲ ಒಂದರ ಹಿಂದೆ ಒಂದು ಸರಿಯಾಗಿ ಕೂರುವುದು ಸುಲಭವಲ್ಲ. ಮೇಲಿನಿಂದ ನೋಡಿದಾಗ ದೂರ ಹತ್ತಿರಗಳ ಲೆಕ್ಕ ತಪ್ಪುತ್ತದೆ. ಅದಕ್ಕೆ ಅವನು ಮರದ ಒಂದು ಚೌಕಟ್ಟು ಬಳಸುತ್ತಿದ್ದ. ಚೌಕಟ್ಟಿನ ನಡುವೆ ದಾರ ಕಟ್ಟಿರುತ್ತದೆ. ಅದರ ಮೂಲಕ ಊರನ್ನು ನೋಡಿ, ಹಾಳೆಯ ಮೇಲೂ ಅದೇ ಗೆರೆಗಳನ್ನು ತೆಳ್ಳಗೆ ಎಳೆದುಕೊಂಡು, ಯಾವ ದಾರದ ಹತ್ತಿರ ಯಾವ ಚಾವಣಿ ಬರುತ್ತದೆ ಎಂದು ಗುರುತು ಮಾಡಿಕೊಳ್ಳಬೇಕು. ಆ ವರ್ಷದ ಆಗಸ್ಟ್‌ನಲ್ಲಿ ಕಡಲತೀರದಲ್ಲಿ ಕೆಲಸ ಮಾಡಲೆಂದು ಅವನು ಇನ್ನೂ ಗಟ್ಟಿಯಾದ ಒಂದನ್ನು ಮಾಡಿಸಿದ. ಮರಳಿನಲ್ಲಿ ನೆಡುವುದಕ್ಕೆ ಕಾಲುಗಳಿಗೆ ಕಬ್ಬಿಣದ ಮೊನೆ ಹಾಕಿಸಿದ್ದ. ಅದನ್ನು ನೆಟ್ಟರೆ ಎಲ್ಲಿ ಬೇಕಾದರೂ ಕಿಟಕಿಯಿಂದ ನೋಡಿದ ಹಾಗೆ ಕಾಣುತ್ತದೆ ಎಂದು ತಮ್ಮನಿಗೆ ಬರೆದು, ಪತ್ರದಲ್ಲೇ ಅದರ ಚಿತ್ರವನ್ನೂ ಬಿಡಿಸಿ ತೋರಿಸಿದ್ದಾನೆ.

ಅವನ ರಸ್ತೆಯಲ್ಲಿ ಗಿಡ ಬೆಳೆಸುವವರ ಒಂದು ತೋಟವಿತ್ತು. ಅದನ್ನೂ ಬಿಡಿಸಿದ. ಆ ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮೀನು ಒಣಗಿಸುವ ಕೊಟ್ಟಿಗೆಯನ್ನು ಬಿಡಿಸಿದ. ಚಿಕ್ಕಪ್ಪ ಊರಿನ ಚಿತ್ರ ಕೇಳಿದ್ದರು. ಅವನು ಊರು ಮುಗಿಯುವ ಜಾಗವನ್ನು ಕಳಿಸಿದ. ಬೇಕೆಂದೇ ಹಟ ಮಾಡಿದನೋ, ಕೈಗೆ ಹತ್ತಿರ ಇದ್ದದ್ದನ್ನು ಬಿಡಿಸಿದನೋ ಎಂದು ಕೆಲವರು ಕೇಳುತ್ತಾರೆ. ನನಗೆ ಹಟ ಅನಿಸುವುದಿಲ್ಲ. ಒಂದೊಂದು ಬೇಲಿ ಪಟ್ಟಿಗೂ ಅಷ್ಟು ಹೊತ್ತು ಕೊಟ್ಟವನು ಇದನ್ನು ಚಂದ ಎಂದೇ ಕಂಡಿದ್ದಾನೆ. ವಿವರ ಬೇಕು ಎಂದಿರಿ, ತಗೊಳ್ಳಿ, ನನ್ನ ಊರಿನ ವಿವರ ಇದು, ಎಂದ ಹಾಗಿದೆ.

ಜೂನ್ ಮೊದಲ ದಿನಗಳಲ್ಲಿ ಹಣ ಬಂತು. ಅವನು ಎಣಿಸಿದ್ದಕ್ಕಿಂತ ಕಡಿಮೆ, 20 ಗಿಲ್ಡರ್. ಗೆಳೆಯ ವ್ಯಾನ್ ರಾಪ್ಪಾರ್ಡ್‌ಗೆ ಬರೆದ ಪತ್ರದಲ್ಲಿ ಅವನ ನೋವು ಕಾಣುತ್ತದೆ. ಹಣದ ಜೊತೆಗೆ ಒಂದು ಥರದ ಬೈಗುಳವೂ ಬಂತು ಎನ್ನುತ್ತಾನೆ. ಇಂಥ ಚಿತ್ರಗಳಿಗೆ ಮಾರುಕಟ್ಟೆಯಲ್ಲಿ ಚೂರಾದರೂ ಬೆಲೆ ಇದೆ ಎಂದು ನೀನು ನಿಜವಾಗಿ ಅಂದುಕೊಂಡಿದ್ದೆಯಾ ಎಂಬ ಪ್ರಶ್ನೆ. ಅದಾದ ಕೆಲವೇ ದಿನಕ್ಕೆ ಅವನು ಊರಿನ ಆಸ್ಪತ್ರೆ ಸೇರಿದ. ಮೂರು ವಾರಕ್ಕೂ ಹೆಚ್ಚು ಅಲ್ಲೇ ಇದ್ದ. ಚಿಕ್ಕಪ್ಪನಿಂದ ಮತ್ತೆ ಆರ್ಡರ್ ಬರಲಿಲ್ಲ.

ಚಿಕ್ಕಪ್ಪನನ್ನು ಬೈದುಬಿಡುವುದು ಈಗ ಸುಲಭ. ನಾನೂ ಮೊದಲ ಸಲ ಓದಿದಾಗ ಬೈದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂಥದಕ್ಕೇ ಹುಟ್ಟಿರಬೇಕು ಅನಿಸಿತು. ಆದರೆ ಮತ್ತೆ ಮತ್ತೆ ಓದಿದಾಗ ಕೋಪ ಇಳಿಯಿತು. ಅವರು ವ್ಯಾಪಾರಿ. ಅವರ ಗಿರಾಕಿಗಳಿಗೆ ಬಟ್ಟೆ ಒಗೆಯುವ ಅಂಗಳದ ಚಿತ್ರ ಗೋಡೆಗೆ ಬೇಕಿರಲಿಲ್ಲ. ಆದರೂ ಆ ಕಟ್ಟಿನಲ್ಲಿ ಸರಿಯಾದ ಹಾಳೆಯ ಮೇಲೆ ಅವರ ಕೈ ನಿಂತಿತ್ತು. ಪಡ್ಡೆಮೂಸ್ ಚಿತ್ರವನ್ನು ಗುರುತಿಸಿ, ಇಂಥದು ಇನ್ನೂ ಬೇಕು ಎಂದು ಮೊದಲು ಕೇಳಿದವರು ಅವರು. ಆ ಮೂವತ್ತು ಗಿಲ್ಡರ್ ಇಲ್ಲದಿದ್ದರೆ ಅವನು ಆ ಮಾರ್ಚ್‌ನಲ್ಲಿ ಗ್ಯಾಸ್ ಫ್ಯಾಕ್ಟರಿಯ ಮುಂದೆ ನಿಲ್ಲುತ್ತಿದ್ದನೋ ಇಲ್ಲವೋ.

ಇದರಲ್ಲಿ ಬಹುಪಾಲು ನಮಗೆ ಗೊತ್ತಿರುವುದು ಥಿಯೋ ಅಣ್ಣನ ಪತ್ರಗಳನ್ನು ಎಸೆಯಲಿಲ್ಲ ಎಂಬ ಕಾರಣಕ್ಕೆ. 1890ರಲ್ಲಿ ವಿನ್ಸೆಂಟ್, ಆರು ತಿಂಗಳಲ್ಲಿ ಥಿಯೋ, ಇಬ್ಬರೂ ಹೋದರು. ಥಿಯೋನ ಹೆಂಡತಿ ಯೋ ಎಳೆ ಮಗುವನ್ನು ಎತ್ತಿಕೊಂಡು ಆ ಪತ್ರಗಳ ರಾಶಿಯನ್ನೂ ಕಾಪಾಡಿದಳು. ವರ್ಷಗಟ್ಟಲೆ ಕೂತು ತಾರೀಕಿಲ್ಲದ ಪತ್ರಗಳನ್ನು ಜೋಡಿಸಿ 1914ರಲ್ಲಿ ಅಚ್ಚು ಹಾಕಿಸಿದಳು. 2009ರಲ್ಲಿ ಉಳಿದಿರುವ ಎಲ್ಲ 902 ಪತ್ರಗಳೂ ಟಿಪ್ಪಣಿಗಳ ಜೊತೆ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಸಿಗುವ ಹಾಗೆ ಬಂದವು. ನಾನು ಟ್ರೈನಿನಲ್ಲಿ ಕೂತು ಫೋನಿನಲ್ಲಿ ಓದಿದ್ದು ಅದನ್ನೇ. ಯೋ ಬಗ್ಗೆ ಬೇರೆಯೇ ಬರೆಯಬೇಕು. ಅವಳನ್ನು ನಾಲ್ಕು ಸಾಲಿನಲ್ಲಿ ಮುಗಿಸಲು ನನಗೆ ಮನಸ್ಸಾಗುತ್ತಿಲ್ಲ.

ಬಡಗಿಯ ಅಂಗಳದ ಚಿತ್ರ ಒಟ್ಟರ್ಲೋ ಎಂಬ ಹಳ್ಳಿಯ ಹತ್ತಿರ, ಹೋಗೆ ವೇಲುವೆ ಕಾಡಿನ ನಡುವೆ ಇರುವ ಕ್ರೋಲರ್-ಮ್ಯೂಲರ್ ಮ್ಯೂಸಿಯಂನಲ್ಲಿದೆ. ಪಡ್ಡೆಮೂಸ್ ಚಿತ್ರವೂ ಅಲ್ಲೇ ಇದೆ. ಹೋದ ವರ್ಷ ಶರತ್ಕಾಲದಲ್ಲಿ ಹೋಗಿದ್ದೆ. ಕಾಡಿನ ಬಾಗಿಲಲ್ಲಿ ಬಿಳಿ ಸೈಕಲ್‌ಗಳನ್ನು ಬಿಟ್ಟಿರುತ್ತಾರೆ, ದುಡ್ಡು ಕೊಡಬೇಕಿಲ್ಲ, ಹತ್ತಿ ಹೊರಟರೆ ಆಯಿತು. ನಾನು ಹೋದ ದಿನ ಆ ಎರಡೂ ಚಿತ್ರ ಗೋಡೆಯ ಮೇಲೆ ಇರಲಿಲ್ಲ. ಕಾಗದದ ಮೇಲಿನ ಕೆಲಸ ಬೆಳಕಿಗೆ ಬಾಡುತ್ತದೆ. ಅದಕ್ಕೆ ಹೆಚ್ಚು ಹೊತ್ತು ಕತ್ತಲಲ್ಲೇ ಇಡುತ್ತಾರೆ. ಬೇಜಾರಾಗಲಿಲ್ಲ. ಅದೇ ಕಟ್ಟಡದಲ್ಲಿ, ಎಲ್ಲೋ ಒಂದು ಡ್ರಾಯರಿನಲ್ಲಿ ಆ ಬಿಳಿ ಬಟ್ಟೆಗಳು ಇನ್ನೂ ಹಗ್ಗದ ಮೇಲೆ ಇವೆ ಎಂದುಕೊಂಡು ಸ್ವಲ್ಪ ಹೊತ್ತು ಹೊರಗಿನ ಬೆಂಚಿನ ಮೇಲೆ ಕೂತು ವಾಪಸ್ ಬಂದೆ.

ಅವನು ಇದ್ದ ಮನೆ ಈಗ ಇಲ್ಲ. ಸ್ಖೆಂಕ್‌ವೇಖ್ ಎಂಬ ಹೆಸರಿನ ರಸ್ತೆ ಇದೆ. ಬಡಗಿಯೂ ಇಲ್ಲ, ಗಿಡದ ತೋಟವೂ ಇಲ್ಲ. ಪಡ್ಡೆಮೂಸ್ ಕೇರಿಯ ಹತ್ತಿರ ಇದ್ದ ಆ ಹೊಸ ಚರ್ಚು ಇನ್ನೂ ನಿಂತಿದೆ. ಎದುರಿಗೆ ಊರಿನವರು ಐಸ್ ಅರಮನೆ ಎಂದು ಕರೆಯುವ ಬೆಳ್ಳಗಿನ ಸಿಟಿ ಹಾಲ್. ಸ್ಪ್ರಿಂಗರ್ ಬಿಡಿಸಿದ ಎಷ್ಟೋ ಬೀದಿಗಳು ಇವತ್ತಿಗೂ ಹಾಗೇ ಇವೆ, ಚಿತ್ರ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ನಿಲ್ಲಿಸಿ ನೋಡಬಹುದು. ಅವನ್ನು ಊರು ಕಾಪಾಡಿಕೊಂಡಿದೆ. ಹಿತ್ತಲನ್ನು ಯಾರು ಕಾಪಾಡುತ್ತಾರೆ? ಅದು ಉಳಿದಿದ್ದು ಆ ಹಾಳೆಗಳಲ್ಲಿ.

ಜುಲೈನಲ್ಲಿ, ಆಸ್ಪತ್ರೆಯಿಂದ ಬಂದ ಮೇಲೆ, ಅವನು ಪಕ್ಕದ 136ನೇ ನಂಬರಿನ ಮನೆಗೆ ಹೋದ. ಸೀನ್‌ಗೆ ಗಂಡು ಮಗುವಾಗಿತ್ತು. ಆ ತಿಂಗಳು 23ರಂದು ಬರೆದ ಪತ್ರದಲ್ಲಿ ಅಟ್ಟದ ಕಿಟಕಿಯ ಮಾತು ಬರುತ್ತದೆ. ಬೆಳಗಿನ ನಾಲ್ಕು ಗಂಟೆಗೇ ಚೌಕಟ್ಟು ಹಿಡಿದು ಕೂತಿರುತ್ತೇನೆ ಎನ್ನುತ್ತಾನೆ. ಅಂಗಳಗಳಲ್ಲಿ ಕಾಫಿಗೆ ಒಲೆ ಹಚ್ಚುವ ಹೊತ್ತು. ಮೊದಲ ಕೆಲಸಗಾರ ಬಡಗಿಯ ಅಂಗಳಕ್ಕೆ ನಿಧಾನವಾಗಿ ಕಾಲಿಡುತ್ತಾನೆ. ಕೆಂಪು ಹೆಂಚುಗಳ ಮೇಲೆ, ಕಪ್ಪು ಹೊಗೆಗೂಡುಗಳ ನಡುವೆ ಬಿಳಿ ಪಾರಿವಾಳಗಳ ಹಿಂಡು ಹಾರಿ ಬರುತ್ತದೆ. ಅದರಾಚೆ ಮೈಲಿಗಟ್ಟಲೆ ಮೆತ್ತನೆಯ ಹಸಿರು.

ಆಗ ಈ ದೇಶದ ಊರುಗಳು ತಮ್ಮ ತಮ್ಮ ಸೂರ್ಯನ ಲೆಕ್ಕದಲ್ಲೇ ಗಡಿಯಾರ ಇಟ್ಟುಕೊಂಡಿದ್ದವು. ಈಗಿನ ಬೇಸಿಗೆ ಗಡಿಯಾರಕ್ಕೆ ಹೊಂದಿಸಿದರೆ ಅವನ ನಾಲ್ಕು ಗಂಟೆ ಅಂದರೆ ನಮಗೆ ಸುಮಾರು ಐದೂ ನಲವತ್ತು. ಈ ಜುಲೈನಲ್ಲಿ ಒಂದು ದಿನ ಅಲಾರಂ ಇಟ್ಟು ಎದ್ದೆ. ನಮ್ಮ ಅಡುಗೆಮನೆಯ ಕಿಟಕಿ ಹಿಂದಿನ ಅಂಗಳಗಳ ಕಡೆಗೇ ಇದೆ. ಕಾಫಿಗೆ ನೀರಿಟ್ಟು ನಿಂತೆ. ಸೂರ್ಯ ಆಗಷ್ಟೇ ಮೇಲೆ ಬರುತ್ತಿದ್ದ. ಎದುರು ಮನೆಯ ಬಾಲ್ಕನಿಯಲ್ಲಿ ರಾತ್ರಿ ತೆಗೆಯಲು ಮರೆತ ಎರಡು ಬೆಳ್ಳಗಿನ ಚಾದರ. ಕೆಳಗೆ ಒಬ್ಬರು, ಕಿತ್ತಳೆ ಬಣ್ಣದ ಕೆಲಸದ ಅಂಗಿ, ಅಂಗಳದ ಬಾಗಿಲು ಸದ್ದಾಗದಂತೆ ಎಳೆದುಕೊಂಡು ಸೈಕಲ್ ತಳ್ಳಿಕೊಂಡು ಹೊರಟರು. ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ. ಹೊರಗೆ ಹೆಂಚಿನ ಮೇಲೆ ಪಾರಿವಾಳಗಳು ಇದ್ದವು, ಬೂದು ಬಣ್ಣದವು. ಒಂದು ಮಾತ್ರ ಬಿಳಿ.